ಗಂಟಲು ಕಟ್ಟಿದ್ದು ಗಾಯಕಿಗಲ್ಲ, ಮುಳ್ಳಿಗೆ

(ಹಳೆಯ ಹಾಡುಗಳ ಆಸಕ್ತರು ಬಡಾವಣೆಯ ವಾಚನಾಲಯದಲ್ಲಿ ಸೇರಿದ್ದ ಸಭೆಯಲ್ಲಿ ನಮ್ಮ ವರದಿಗಾರರು ಆಡಿದ ಮಾತುಗಳ ಬರಹ ರೂಪ)



ನಾನು ಸಂಗೀತ ಕಲಿತವನಲ್ಲ, ಎಂಜಿನಿಯರಿಂಗ್ ಓದಿದವನೂ ಅಲ್ಲ. ಪತ್ರಿಕೆಯಲ್ಲಿ ವರದಿಗಾರ. ಆದರೂ ಗ್ರಾಮಫೋನ್ ತಟ್ಟೆಗಳ ಬಗ್ಗೆ ಮಾತಾಡಲು ನಿಮ್ಮೆದುರು ನಿಂತಿದ್ದೇನೆ. ಅದಕ್ಕೆ ನನಗಿರುವ ಅರ್ಹತೆ ಒಂದೇ. ಇವುಗಳನ್ನು ಹೇಗೆ ಕೆಡಿಸಬಾರದು ಎಂಬುದನ್ನು ನಾನು ಕೆಡಿಸಿಯೇ ಕಲಿತಿದ್ದೇನೆ.

ನಮ್ಮ ತಾತ ಹೈಸ್ಕೂಲು ಮೇಷ್ಟ್ರಾಗಿದ್ದವರು. ಅವರು ಬಿಟ್ಟುಹೋದ ಆಸ್ತಿಯಲ್ಲಿ ಒಂದು ರೆಕಾರ್ಡ್ ಪ್ಲೇಯರ್ ಮತ್ತು ಒಂದು ಟ್ರಂಕಿನ ತುಂಬ ತಟ್ಟೆಗಳೂ ಇದ್ದವು. ಅವರು ತೀರಿಕೊಂಡ ಮೇಲೆ ಪ್ಲೇಯರ್ ಅಟ್ಟ ಸೇರಿತು, ಟ್ರಂಕು ಮಂಚದ ಕೆಳಗೆ ಹೋಯಿತು. ಒಂದು ದೀಪಾವಳಿಗೆ ಮನೆ ಗುಡಿಸುವಾಗ ಎರಡನ್ನೂ ಹೊರಗೆ ತೆಗೆದೆ. ಎಂ.ಎಸ್. ಸುಬ್ಬುಲಕ್ಷ್ಮಿ ಅವರ ಸುಪ್ರಭಾತದ ಎಲ್‌ಪಿ ಹಾಕಿ ಅಜ್ಜಿಯನ್ನು ಕರೆದೆ. ಅಜ್ಜಿ ಬಂದು ಎರಡು ನಿಮಿಷ ಕೇಳಿದರು. ಆಮೇಲೆ, 'ಪಾಪ, ಈ ಮಹಾತಾಯಿಗೂ ಗಂಟಲು ಕಟ್ಟಿದೆ ಕಣೋ, ನಿಲ್ಲಿಸು' ಎಂದರು. ಮಾರನೆಯ ದಿನ, 'ಕೇಳೋಕಾಗದ್ದನ್ನು ಇಟ್ಟುಕೊಂಡು ಏನು ಮಾಡ್ತೀಯೋ? ಗುಜರಿಯವನು ಬಂದರೆ ಕೊಟ್ಟುಬಿಡು' ಎಂದರು.

ಎಷ್ಟೋ ಮನೆಗಳಲ್ಲಿ ತಟ್ಟೆಗಳ ಕಥೆ ಮುಗಿಯುವುದು ಈ ಮಾತಿನೊಂದಿಗೇ. ದನಿ ಕೆಟ್ಟಿದೆ, ಆದ್ದರಿಂದ ತಟ್ಟೆ ಸತ್ತಿದೆ ಎಂದು ನಾವು ತೀರ್ಮಾನಿಸುತ್ತೇವೆ. ಆದರೆ ಬಹಳ ಸಲ ಕೆಟ್ಟಿರುವುದು ತಟ್ಟೆಯಲ್ಲ, ಅದನ್ನು ಓದುವ ಉಪಕರಣ ಮತ್ತು ಅದನ್ನು ನಡೆಸುವ ನಮ್ಮ ರೀತಿ. ಈ ಸಂಜೆ ನಾನು ಹೇಳಬೇಕೆಂದಿರುವುದು ಇಷ್ಟೇ.

ಅರಗಿನ ಮನೆಯ ದನಿಗಳು

ಮೊದಲು ಸ್ವಲ್ಪ ಹಿನ್ನೆಲೆ. ಎಡಿಸನ್ 1877ರಲ್ಲಿ ದನಿಯನ್ನು ಹಿಡಿದದ್ದು ಉರುಳೆಯ ಮೇಲೆ. ಚಪ್ಪಟೆ ತಟ್ಟೆಯ ಗ್ರಾಮಫೋನನ್ನು ತಂದವರು ಎಮಿಲ್ ಬರ್ಲಿನರ್, 1887ರಲ್ಲಿ. ಭಾರತಕ್ಕೆ ಅದು ಬೇಗನೆ ಬಂತು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡ. ಆ ತಟ್ಟೆಗಳು ತಯಾರಾದದ್ದು ಜರ್ಮನಿಯ ಹ್ಯಾನೋವರಿನಲ್ಲಿ. 1908ರ ಹೊತ್ತಿಗೆ ಕಲ್ಕತ್ತೆಯ ಸಿಯಾಲ್ದಾದಲ್ಲೇ ಕಾರ್ಖಾನೆ ಆಯಿತು. ಗೌಹರ್ ಜಾನ್ ಕೊನೆಗೆ ಬಂದು ಸೇರಿದ್ದು ನಮ್ಮ ಮೈಸೂರಿಗೆ. ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಮುಂದೆ ನಮ್ಮ ಮಲ್ಲಿಕಾರ್ಜುನ ಮನಸೂರರೂ ಗಂಗೂಬಾಯಿ ಹಾನಗಲ್ಲರೂ 1930ರ ದಶಕದಲ್ಲೇ ತಟ್ಟೆಗಳಿಗೆ ಹಾಡಿದರು. ಗಂಗೂಬಾಯಿಯವರ ಆರಂಭದ ತಟ್ಟೆಗಳ ಮೇಲೆ ಅಚ್ಚಾದ ಹೆಸರು ಗಾಂಧಾರಿ ಎಂದು.

ಆ ಕಾಲದ ತಟ್ಟೆ ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುತ್ತಿತ್ತು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷದ ಹಾಡು. ಅದನ್ನು ಮಾಡುತ್ತಿದ್ದದ್ದು ಅರಗಿನಿಂದ. ಹೌದು, ಕೌರವರು ಪಾಂಡವರಿಗಾಗಿ ಮನೆ ಕಟ್ಟಿಸಿದರಲ್ಲ, ಅದೇ ಅರಗು. ಅದಕ್ಕೆ ಕಲ್ಲಿನ ಪುಡಿ ಬೆರೆಸಿ ಗಟ್ಟಿ ಮಾಡುತ್ತಿದ್ದರು. ಉಕ್ಕಿನ ಮುಳ್ಳು ಆ ಪುಡಿಗೆ ಉಜ್ಜಿ ಉಜ್ಜಿ ಸವೆಯುತ್ತಿತ್ತು. ಆದ್ದರಿಂದಲೇ ಒಂದು ಮಗ್ಗುಲು ಹಾಡಿಸಿದ ಮೇಲೆ ಮುಳ್ಳು ಬದಲಿಸುವುದು ಅಂದಿನ ಪದ್ಧತಿ.

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪೆನಿ ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಎಲ್‌ಪಿಯನ್ನು ಹೊರತಂದಿತು. ವೇಗ ನಿಮಿಷಕ್ಕೆ 33⅓ ಸುತ್ತು. ಗೆರೆ ಬಹಳ ಸಣ್ಣದು. ಒಂದು ಮಗ್ಗುಲಿಗೆ 20 ನಿಮಿಷಕ್ಕೂ ಹೆಚ್ಚು ಹಾಡು. ನೋಡಲು ಎರಡೂ ಕಪ್ಪು ತಟ್ಟೆಗಳೇ. ಆದರೆ ಹುಟ್ಟು ಬೇರೆ, ಸ್ವಭಾವ ಬೇರೆ. ಈ ವ್ಯತ್ಯಾಸ ತಿಳಿಯದೆ ನಾನು ಮಾಡಿದ ಅನಾಹುತವನ್ನು ಆಮೇಲೆ ಹೇಳುತ್ತೇನೆ.

ಗೆರೆಯೊಳಗೆ ಏನಿದೆ?

ಎಲ್‌ಪಿಯ ಒಂದು ಮಗ್ಗುಲಿನಲ್ಲಿ ಇರುವುದು ನೂರಾರು ಗೆರೆಗಳಲ್ಲ, ಸುರುಳಿಯಾಗಿ ಒಳಗೆ ಸಾಗುವ ಒಂದೇ ಗೆರೆ. ಬಿಚ್ಚಿ ನೇರಮಾಡಿದರೆ ಹೆಚ್ಚು ಕಡಿಮೆ ಅರ್ಧ ಕಿಲೋಮೀಟರ್ ಉದ್ದ. ಅಗಲವೋ ತಲೆಗೂದಲಿಗಿಂತ ಕಡಿಮೆ. ಈ ಗೆರೆ ಉಳುಮೆಯ ಸಾಲಿನ ಹಾಗೆ ಎರಡು ಇಳಿಜಾರು ಗೋಡೆಗಳ ನಡುವಿನ ತಗ್ಗು. ಗೋಡೆಗಳ ಸಣ್ಣ ಅಂಕುಡೊಂಕುಗಳೇ ಹಾಡು. ಸ್ಟೀರಿಯೋ ತಟ್ಟೆಯಲ್ಲಿ ಒಂದು ಗೋಡೆ ಎಡಗಡೆಯ ಸ್ಪೀಕರಿಗೆ, ಇನ್ನೊಂದು ಬಲಗಡೆಯದಕ್ಕೆ.

ಮುಳ್ಳು ಈ ತಗ್ಗಿನ ತಳವನ್ನು ಮುಟ್ಟುವುದಿಲ್ಲ. ಎರಡೂ ಗೋಡೆಗಳಿಗೆ ಒರಗಿಕೊಂಡು ಸಾಗುತ್ತದೆ. ಗೋಡೆ ಅದನ್ನು ಅಲುಗಿಸುತ್ತದೆ, ಆ ಅಲುಗಾಟ ಕಾರ್ಟ್ರಿಜ್‌ನಲ್ಲಿ ವಿದ್ಯುತ್ತಾಗುತ್ತದೆ, ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡುತ್ತದೆ. ಧೂಳಿನ ಕಣಕ್ಕೂ ಹಾಡಿನ ಅಂಕುಡೊಂಕಿಗೂ ಮುಳ್ಳು ಭೇದ ಮಾಡದು. ಎರಡನ್ನೂ ಒಂದೇ ನಿಷ್ಠೆಯಿಂದ ಓದುತ್ತದೆ. ಹಾಗಾಗಿ ದನಿ ಕೆಟ್ಟಿದೆ ಎಂದಾಗ ಹೊಸ ಸ್ಪೀಕರ್ ಕೊಳ್ಳಲು ಓಡಬಾರದು. ಗೆರೆಯಿಂದ ಶುರುಮಾಡಿ ಸ್ಪೀಕರಿನ ಕಡೆಗೆ ಬರಬೇಕು. ನಾನು ಉಲ್ಟಾ ಮಾಡಿದೆ. ಅಂಗಡಿಯೊಂದಕ್ಕೆ ಹೋಗಿ ಕೇಳಿದಾಗ, 'ಆಂಪ್ಲಿಫೈಯರ್ ಹಳೆಯದಾಗಿದೆ, ಹೊಸದು ತಗೊಳ್ಳಿ' ಎಂದರು. ಸಾಲ ಮಾಡಿ ತಂದೆ. ಅಜ್ಜಿಗೆ ಆಗಲೂ ಗಂಟಲು ಕಟ್ಟಿದ ದನಿಯೇ ಕೇಳಿಸಿತು, ಮೊದಲಿಗಿಂತ ಜೋರಾಗಿ.

ಮೊದಲು ಮೇಜು, ಆಮೇಲೆ ಧೂಳು

ದುಡ್ಡಿಲ್ಲದೆ ಆಗುವ ಕೆಲಸಗಳನ್ನು ಮೊದಲು ನೋಡೋಣ. ಪ್ಲೇಯರ್ ಎಲ್ಲಿದೆ? ಸ್ಪೀಕರ್ ಇಟ್ಟ ಮೇಜಿನ ಮೇಲೆಯೇ ಇದ್ದರೆ ಸ್ಪೀಕರಿನ ಅದುರು ಮೇಜಿನ ಮೂಲಕ ಮುಳ್ಳಿಗೆ ಬಂದು, ಮತ್ತೆ ದನಿಯಾಗಿ ಹೊರಟು, ಹಾಡಿನ ಕೆಳಗೆ ಗುಂಯ್ ಎಂಬ ಮೊರೆತ ಕೂಡುತ್ತದೆ. ಎರಡನ್ನೂ ಬೇರೆ ಮಾಡಿ. ಗೋಡೆಗೆ ಬಿಗಿದ ಗಟ್ಟಿ ಹಲಗೆ ಪ್ಲೇಯರಿಗೆ ಒಳ್ಳೆಯ ಜಾಗ. ಆಮೇಲೆ ಗಾರೆ ಕೆಲಸದವರ ರಸಮಟ್ಟ ಇಟ್ಟು ನೋಡಿ. ಒಂದು ಕಡೆಗೆ ವಾಲಿದ್ದರೆ ಕಾಲುಗಳ ಕೆಳಗೆ ಏನಾದರೂ ಕೊಟ್ಟು ಸಮ ಮಾಡಿ. ವಾಲಿದ ಪ್ಲೇಯರಿನಲ್ಲಿ ಮುಳ್ಳು ಒಂದೇ ಗೋಡೆಯ ಮೇಲೆ ಭಾರ ಹಾಕುತ್ತದೆ.

ಇನ್ನು ಧೂಳು. ಪ್ರತಿ ಸಲ ಹಾಡಿಸುವ ಮೊದಲು ಕಾರ್ಬನ್ ಎಳೆಗಳ ಬ್ರಷ್‌ನಿಂದ, ಅದಿಲ್ಲದಿದ್ದರೆ ಶುದ್ಧವಾದ ವೆಲ್ವೆಟ್ ಬಟ್ಟೆಯಿಂದ, ಗೆರೆಯ ಜಾಡಿನಲ್ಲೇ ಸುತ್ತಲೂ ಮೆಲ್ಲನೆ ಒರೆಸಬೇಕು. ಅಡ್ಡಕ್ಕೆ ಉಜ್ಜಬಾರದು. ಬಹಳ ವರ್ಷ ಟ್ರಂಕಿನಲ್ಲಿದ್ದ ವಿನೈಲ್ ತಟ್ಟೆಗೆ ಒಣ ಬ್ರಷ್ ಸಾಲದು. ಮಳೆಗಾಲದ ಬೂಷ್ಟು ಗೆರೆಯೊಳಗೇ ಬೆಳೆದಿರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತನ್ನಿ. ಒಂದು ಲೀಟರಿಗೆ ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಸಾಕು. ಮೆತ್ತನೆಯ ಬಟ್ಟೆ ಅದ್ದಿ ಗೆರೆಯ ಜಾಡಿನಲ್ಲಿ ತೊಳೆದು, ಇನ್ನೊಮ್ಮೆ ಬರಿಯ ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿ, ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ. ನಡುವಿನ ಕಾಗದಕ್ಕೆ ನೀರು ತಾಗದಿರಲಿ. ನಲ್ಲಿ ನೀರು ಬೇಡ. ಅದರ ಸುಣ್ಣ ಗೆರೆಯಲ್ಲೇ ಉಳಿಯುತ್ತದೆ.

ಈಗ ನನ್ನ ಅನಾಹುತದ ಕಥೆ. ಎಲ್‌ಪಿ ತೊಳೆದು ಹುರುಪು ಬಂದಿತ್ತು. ತಾತನ ಅಪ್ಪ ಕೊಂಡಿದ್ದ ನಾಟಕದ ಹಾಡಿನ 78ರ ತಟ್ಟೆಯೊಂದು ಟ್ರಂಕಿನ ತಳದಲ್ಲಿತ್ತು. ಹೆಸರಿನ ಕಾಗದ ಅರ್ಧ ಹುಳ ತಿಂದಿತ್ತು. ಹಾಡಿದವರು ಯಾರೆಂದು ಗೊತ್ತಿಲ್ಲ. ಜಿಡ್ಡು ಹೆಚ್ಚಾಗಿದೆ ಎಂದು ಸ್ಪಿರಿಟ್ ಹಾಕಿ ಒರೆಸಿದೆ. ಬಟ್ಟೆಗೆ ಕಪ್ಪು ಬಣ್ಣ ಬಂತು. ಕೊಳೆ ಹೋಗುತ್ತಿದೆ ಎಂದು ಇನ್ನೂ ಒತ್ತಿ ಒರೆಸಿದೆ. ಹೋಗುತ್ತಿದ್ದದ್ದು ಕೊಳೆಯಲ್ಲ, ಹಾಡು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಬಡಗಿಗಳು ಪಾಲಿಷ್ ಮಾಡುವಾಗ ಚಂದ್ರ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸುವುದನ್ನು ಎಷ್ಟೋ ಸಲ ನೋಡಿದ್ದೆ. ತಟ್ಟೆಯೂ ಅದೇ ಅರಗು ಎಂಬುದು ಹೊಳೆಯಲಿಲ್ಲ. ಈಗ ಆ ತಟ್ಟೆಯಲ್ಲಿ ಮಳೆ ಹೊಯ್ದ ಹಾಗೆ ಸದ್ದು ಬರುತ್ತದೆ. ಅದರ ಹಿಂದೆ ಯಾರೋ ಹಾಡುತ್ತಿದ್ದಾರೆ ಎಂಬುದಷ್ಟೇ ತಿಳಿಯುತ್ತದೆ. ಈ ಹಾಡಿನ ಇನ್ನೊಂದು ಪ್ರತಿ ಜಗತ್ತಿನಲ್ಲಿ ಎಲ್ಲಾದರೂ ಇರಬಹುದು, ಇಲ್ಲದೆಯೂ ಇರಬಹುದು. ದಯವಿಟ್ಟು ನೆನಪಿಡಿ: 78ರ ಅರಗಿನ ತಟ್ಟೆಗೆ ಸ್ಪಿರಿಟ್, ಆಲ್ಕೋಹಾಲ್ ಬೆರೆತ ಯಾವ ದ್ರವವನ್ನೂ ಸೋಕಿಸಬೇಡಿ. ಒದ್ದೆ ಬಟ್ಟೆಯಿಂದ ಬೇಗನೆ ಒರೆಸಿ, ಒಣಗಿಸಿದರೆ ಸಾಕು.

ಮುಳ್ಳಿನ ಆಯಸ್ಸು

ಧೂಳು ಹೋದ ಮೇಲೂ ದನಿ ಒಡೆದಂತಿದ್ದರೆ ಸಂಶಯ ಪಡಬೇಕಾದ್ದು ಮುಳ್ಳನ್ನು. ಎಲ್‌ಪಿಯ ಮುಳ್ಳಿನ ತುದಿ ಸಾಮಾನ್ಯವಾಗಿ ವಜ್ರದ್ದು. ವಜ್ರವೂ ಸವೆಯುತ್ತದೆ. ಸಾಧಾರಣ ಮುಳ್ಳಿಗೆ 500ರಿಂದ 1000 ಗಂಟೆ ಆಯಸ್ಸು ಎಂದು ಲೆಕ್ಕ. ದಿನಕ್ಕೊಂದು ಎಲ್‌ಪಿಯ ಎರಡೂ ಮಗ್ಗುಲು ಹಾಡಿಸಿದರೆ 500 ಗಂಟೆ ಕಳೆಯಲು ಎರಡು ವರ್ಷ ಸಾಕು. ನಮ್ಮ ಮನೆಯ ಮುಳ್ಳನ್ನು ತಾತ ಕೊನೆಯ ಸಲ ಯಾವಾಗ ಬದಲಿಸಿದ್ದರೋ ಅಜ್ಜಿಗೂ ನೆನಪಿರಲಿಲ್ಲ.

ಸವೆತ ಬರಿಗಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಸೂಕ್ಷ್ಮದರ್ಶಕ ಬೇಕು. ಆದರೆ ಕಿವಿಗೆ ಒಂದು ಪರೀಕ್ಷೆ ಇದೆ. ಹಾಡಿನಲ್ಲಿ ಸ, ಶ, ಷ ಬರುವ ಜಾಗಗಳನ್ನು ಗಮನಿಸಿ. ಅವು ಉಗುಳು ಸಿಡಿದಂತೆ ಛರ್ ಎನ್ನುತ್ತಿದ್ದರೆ ಮುಳ್ಳು ಕೊಳೆಯಾಗಿದೆ ಇಲ್ಲವೇ ಸವೆದಿದೆ. ತಟ್ಟೆಯ ಕೊನೆಯ ಹಾಡಿನಲ್ಲಿ ಇದು ಇನ್ನೂ ಜಾಸ್ತಿ. ಅದಕ್ಕೆ ಕಾರಣವಿದೆ. ಎಲ್‌ಪಿಯ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾಯುತ್ತದೆ. ಒಳಗಿನ ಸುತ್ತಿನಲ್ಲಿ 20 ಸೆಂಟಿಮೀಟರ್ ಆಸುಪಾಸು ಮಾತ್ರ. ಅಷ್ಟೇ ಹಾಡನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಒತ್ತಿ ಬರೆದಂತೆ. ಸಣ್ಣ ಅಕ್ಷರವನ್ನು ಮೊಂಡು ಮುಳ್ಳು ಓದಲಾರದು.

ಮೊದಲು ಮುಳ್ಳನ್ನು ಸ್ವಚ್ಛ ಮಾಡಿ. ಸಣ್ಣ ಮೆತ್ತನೆಯ ಬ್ರಷ್‌ನಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಎಳೆಯಬೇಕು. ಬೆರಳು ತಾಗಿಸಬೇಡಿ. ಅದರಿಂದ ಸರಿಹೋಗದಿದ್ದರೆ ಮುಳ್ಳು ಬದಲಿಸಿ. ಮೊಂಡಾದ ವಜ್ರ ಉಳಿಯಂತೆ ಗೋಡೆಯನ್ನು ಕೆತ್ತುತ್ತಾ ಹೋಗುತ್ತದೆ. ಕೆಟ್ಟ ದನಿಯನ್ನು ಸಹಿಸಿಕೊಂಡು ಕೇಳುವ ಪ್ರತಿ ಸಲವೂ ಒಳ್ಳೆಯ ದನಿ ಶಾಶ್ವತವಾಗಿ ಅಷ್ಟಷ್ಟು ಕಡಿಮೆಯಾಗುತ್ತದೆ. ಮುಳ್ಳು ಮತ್ತೆ ಸಿಗುತ್ತದೆ, ತಟ್ಟೆ ಸಿಗುವುದಿಲ್ಲ.

ಇನ್ನೊಂದು ಮಾತು. 78ರ ಗೆರೆ ಅಗಲ, ಎಲ್‌ಪಿಯದು ಕಿರಿದು. 78ಕ್ಕೆ ಸುಮಾರು 75 ಮೈಕ್ರಾನ್ ದುಂಡಗಿನ ತುದಿ ಬೇಕು, ಎಲ್‌ಪಿಗೆ 18ರಿಂದ 25 ಮೈಕ್ರಾನ್. ಎಲ್‌ಪಿಯ ಮುಳ್ಳನ್ನು 78ಕ್ಕೆ ಹಾಕಿದರೆ ಅದು ಗೋಡೆಗೆ ಒರಗದೆ ತಳದ ಕೊಳೆಯಲ್ಲಿ ತೆವಳುತ್ತದೆ. ಕೀ ಕೊಡುವ ಹಳೆಯ ಗ್ರಾಮಫೋನಿನಲ್ಲಿ ಎಲ್‌ಪಿಯನ್ನಂತೂ ಎಂದೂ ಹಾಕಬಾರದು. ಅದರ ತಲೆಯ ಭಾರ ನೂರು ಗ್ರಾಂಗೂ ಮಿಕ್ಕಿದ್ದು. ಒಂದೇ ಸಲಕ್ಕೆ ತಟ್ಟೆ ಹಾಳು.

ಒಂದು ರೂಪಾಯಿ ನಾಣ್ಯ

ತಟ್ಟೆ ಹಾರುತ್ತಿದೆ ಎಂದರೆ ತಲೆಯ ಮೇಲೆ ನಾಣ್ಯ ಇಡುವ ವಿದ್ಯೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ನಾನೂ ಒಂದು ರೂಪಾಯಿ ಇಟ್ಟೆ. ಈಗಿನ ಮ್ಯಾಗ್ನೆಟಿಕ್ ಕಾರ್ಟ್ರಿಜ್‌ಗಳಿಗೆ ಬೇಕಾದ ಒತ್ತಡ ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಗ್ರಾಂ. ರೂಪಾಯಿ ನಾಣ್ಯವೇ ಮೂರು ಗ್ರಾಂಗೂ ಹೆಚ್ಚು. ಅಂದರೆ ನಾನು ಭಾರವನ್ನು ಎರಡು ಪಟ್ಟಿಗೂ ಮಿಗಿಲು ಮಾಡಿದ್ದೆ. ಎರಡು ಗ್ರಾಂ ಎಂದರೆ ಏನು ಮಹಾ ಎನ್ನಬೇಡಿ. ತೂಕ ಚಿಕ್ಕದು ನಿಜ, ಆದರೆ ಅದು ನಿಂತಿರುವ ಜಾಗ ಇನ್ನೂ ಚಿಕ್ಕದು.

ಹಾಗೆಂದು ಭಾರವನ್ನು ಬಹಳ ಕಡಿಮೆ ಮಾಡುವುದೂ ತಪ್ಪು. ಹಗುರವಾದ ಮುಳ್ಳು ಗೋಡೆಯಿಂದ ಗೋಡೆಗೆ ಕುಪ್ಪಳಿಸಿ ಗಾಯ ಮಾಡುತ್ತದೆ. ಕಾರ್ಟ್ರಿಜ್ ತಯಾರಿಸಿದವರು ಹೇಳಿದ ಅಂಕಿಯೇ ಸರಿ. ತೋಳಿನ ಹಿಂದೆ ತಿರುಗಿಸುವ ತೂಕವಿರುತ್ತದೆ. ಮೊದಲು ತೋಳು ತಕ್ಕಡಿಯಂತೆ ಸಮನಾಗಿ ತೇಲುವ ಹಾಗೆ ಮಾಡಿ, ಅಂಕಿಯ ಉಂಗುರವನ್ನು ಸೊನ್ನೆಗೆ ತಂದು, ಆಮೇಲೆ ಬೇಕಾದ ಗ್ರಾಂಗೆ ತಿರುಗಿಸಬೇಕು. ಇದಕ್ಕೆಂದೇ ಸಣ್ಣ ತಕ್ಕಡಿಗಳೂ ಸಿಗುತ್ತವೆ. ತೋಳು ಒಳಕ್ಕೆ ಎಳೆಯುವುದನ್ನು ತಡೆಯುವ ಆಂಟಿ ಸ್ಕೇಟಿಂಗ್ ಗುಂಡಿ ಇದ್ದರೆ ಅದನ್ನೂ ಅದೇ ಅಂಕಿಗೆ ಇಟ್ಟು ಶುರುಮಾಡಬಹುದು. ಸೂಟ್‌ಕೇಸ್ ಆಕಾರದ ಅಗ್ಗದ ಪ್ಲೇಯರ್‌ಗಳಲ್ಲಿ ಈ ಹೊಂದಾಣಿಕೆಗಳು ಸಾಮಾನ್ಯವಾಗಿ ಇರುವುದಿಲ್ಲ, ಭಾರವೂ ಹೆಚ್ಚು. ಅಪರೂಪದ ತಟ್ಟೆಗಳನ್ನು ಅವಕ್ಕೆ ಕೊಡದಿರುವುದು ಲೇಸು.

ತೆಳ್ಳಗಿನ ದನಿ, ಗುಂಯ್ ಸದ್ದು

ಎಲ್ಲ ಸರಿಯಾಯಿತು, ಆದರೂ ಹಾಡು ಬಾವಿಯ ತಳದಿಂದ ಬಂದ ಹಾಗೆ ಸಣ್ಣಗಿದೆ, ಮೃದಂಗದ ಎಡ ಕೇಳಿಸುವುದೇ ಇಲ್ಲ. ನನ್ನ ಹೊಸ ಆಂಪ್ಲಿಫೈಯರಿನಲ್ಲಿ ಆದದ್ದು ಇದೇ. ಇದರ ಹಿಂದೆ ಒಂದು ಸ್ವಾರಸ್ಯವಿದೆ. ದಪ್ಪ ಸ್ವರಗಳನ್ನು ಇದ್ದ ಹಾಗೇ ಕೆತ್ತಿದರೆ ಗೆರೆ ಬಹಳ ಅಗಲವಾಗಿ ತಟ್ಟೆಯಲ್ಲಿ ಜಾಗ ಸಾಲದು. ಆದ್ದರಿಂದ ಕೆತ್ತುವಾಗ ದಪ್ಪ ಸ್ವರ ತಗ್ಗಿಸಿ, ಸಣ್ಣ ಸ್ವರ ಏರಿಸುತ್ತಾರೆ. ಹಾಡಿಸುವಾಗ ಅದನ್ನು ತಿರುವುಮುರುವು ಮಾಡಬೇಕು. ಎಷ್ಟು ಏರಿಸಬೇಕು, ಎಷ್ಟು ಇಳಿಸಬೇಕು ಎಂಬುದಕ್ಕೆ 1954ರಲ್ಲಿ ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘ ಗೊತ್ತುಮಾಡಿದ ಮಾನಕವೇ ಕ್ರಮೇಣ ಎಲ್ಲೆಡೆ ರೂಢಿಗೆ ಬಂತು. ಸಣ್ಣ ಸ್ವರಗಳನ್ನು ಇಳಿಸುವಾಗ ತಟ್ಟೆಯ ಚರಚರವೂ ಜೊತೆಗೇ ಇಳಿಯುವುದು ಇದರ ಇನ್ನೊಂದು ಲಾಭ.

ಈ ಕೆಲಸ ಮಾಡುವುದು ಫೋನೋ ಪ್ರೀಆಂಪ್ಲಿಫೈಯರ್. ಹಳೆಯ ಆಂಪ್ಲಿಫೈಯರ್‌ಗಳಲ್ಲಿ ಹಿಂದೆ ಫೋನೋ ಎಂದು ಬರೆದ ತೂತುಗಳಿರುತ್ತಿದ್ದವು. ಹೊಸ ಸೆಟ್ಟುಗಳಲ್ಲಿ ಅನೇಕಕ್ಕೆ ಅದಿಲ್ಲ. ಮ್ಯಾಗ್ನೆಟಿಕ್ ಕಾರ್ಟ್ರಿಜ್ ಕೊಡುವುದು ಬರೀ ಮೂರರಿಂದ ಐದು ಮಿಲಿವೋಲ್ಟ್. ಅದನ್ನು ಸಿ.ಡಿ.ಯ ತೂತಿಗೆ ಚುಚ್ಚಿದರೆ ಪಿಸುಮಾತೇ ಗತಿ. ಪ್ರತ್ಯೇಕವಾದ ಸಣ್ಣ ಫೋನೋ ಪೆಟ್ಟಿಗೆ ಸಿಗುತ್ತದೆ, ಅದನ್ನು ನಡುವೆ ಸೇರಿಸಬೇಕು. ತಾತನ ಹಳೆಯ ಆಂಪ್ಲಿಫೈಯರಿನಲ್ಲಿ ಈ ತೂತು ಇತ್ತು. ಹೊಸದು ತಂದು ನಾನು ಇದ್ದ ಸೌಲಭ್ಯವನ್ನೂ ಕಳೆದುಕೊಂಡಿದ್ದೆ.

ಹಾಡಿಲ್ಲದಾಗಲೂ ಗುಂಯ್ ಎನ್ನುತ್ತಿದ್ದರೆ ಪ್ಲೇಯರಿನ ಹಿಂದೆ ಜೋತಾಡುವ ತೆಳ್ಳಗಿನ ಒಂಟಿ ವೈರನ್ನು ನೋಡಿ. ಅದು ನೆಲದ ಸಂಪರ್ಕದ ವೈರು. ಆಂಪ್ಲಿಫೈಯರಿನ ಅಥವಾ ಫೋನೋ ಪೆಟ್ಟಿಗೆಯ ಹಿಂದಿನ ತಿರುಪಿಗೆ ಅದನ್ನು ಬಿಗಿಯಿರಿ. ಎಷ್ಟೋ ಸಲ ಅಲ್ಲಿಗೇ ಸದ್ದು ನಿಲ್ಲುತ್ತದೆ.

ಶ್ರುತಿ ಇಳಿದಾಗ

ಕೊನೆಯದು ವೇಗ. ಅಮೆರಿಕದಲ್ಲಿರುವ ಮಕ್ಕಳು ಅಲ್ಲಿಂದ ಹಳೆಯ ಟರ್ನ್‌ಟೇಬಲ್ ತಂದುಕೊಡುವುದುಂಟು. ಅಲ್ಲಿಯ ವಿದ್ಯುತ್ತು ಸೆಕೆಂಡಿಗೆ 60 ಆವರ್ತನ, ನಮ್ಮದು 50. ವಿದ್ಯುತ್ತಿನ ಆವರ್ತನಕ್ಕೆ ಹೊಂದಿ ತಿರುಗುವ ಮೋಟಾರು ಅದರಲ್ಲಿದ್ದರೆ ಇಲ್ಲಿ ತಟ್ಟೆ 33⅓ರ ಬದಲು ಸುಮಾರು 28 ಸುತ್ತು ಮಾತ್ರ ತಿರುಗುತ್ತದೆ. ಐದೂವರೆ ಮನೆ ಶ್ರುತಿಯ ಗಾಯಕಿ ಸುಮಾರು ನಾಲ್ಕು ಮನೆಗೆ ಇಳಿದುಬಿಡುತ್ತಾರೆ. ವೋಲ್ಟೇಜ್ ಬದಲಿಸುವ ಟ್ರಾನ್ಸ್‌ಫಾರ್ಮರ್ ಆವರ್ತನವನ್ನು ಬದಲಿಸದು. ಮೋಟಾರಿನ ರಾಟೆಯನ್ನೇ 50 ಆವರ್ತನದ್ದಕ್ಕೆ ಬದಲಿಸಬೇಕು. ಡಿ.ಸಿ. ಮೋಟಾರಿನ ಪ್ಲೇಯರಿಗೆ ಈ ತೊಂದರೆ ಇಲ್ಲ.

ವೇಗ ಪರೀಕ್ಷಿಸಲು 180 ಗೀಟುಗಳ ಕಾಗದದ ಚಕ್ರವೊಂದು ಸಾಕು. ನಮ್ಮ ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ವೇಗ ಸರಿಯಾಗಿ 33⅓ ಇದ್ದರೆ ಆ ಬೆಳಕಿನಲ್ಲಿ ಗೀಟುಗಳು ನಿಂತಂತೆ ಕಾಣುತ್ತವೆ. ಮುಂದಕ್ಕೆ ಸರಿದರೆ ವೇಗ ಹೆಚ್ಚು, ಹಿಂದಕ್ಕೆ ಸರಿದರೆ ಕಡಿಮೆ. ಕೆಲವು ಎಲ್‌ಇಡಿ ದೀಪಗಳು ಮಿನುಗುವುದಿಲ್ಲ. ಹಳೆಯ ಬುರುಡೆ ದೀಪ ಅಥವಾ ನಿಯಾನ್ ದೀಪ ಬಳಸಿ. ವೇಗ ಏರಿಳಿದು ದನಿ ಅಳ್ಳಾಡುತ್ತಿದ್ದರೆ ರಬ್ಬರ್ ಬೆಲ್ಟ್ ಸಡಿಲವಾಗಿದೆ ಎಂದೇ ಬಹುಮಟ್ಟಿಗೆ ಅರ್ಥ.

ಉಳಿದ ಟಿಕ್

2020ರಲ್ಲಿ ಅಮೆರಿಕದಲ್ಲಿ ವಿನೈಲ್ ತಟ್ಟೆಗಳ ಮಾರಾಟದ ಹಣ ಸಿ.ಡಿ.ಗಳದ್ದನ್ನು ಮೀರಿತು. 1986ರ ನಂತರ ಹೀಗಾದದ್ದು ಅದೇ ಮೊದಲು. ಇದರಿಂದ ನಮಗಾದ ಲಾಭವೆಂದರೆ ಮುಳ್ಳು, ಬೆಲ್ಟು, ಬ್ರಷ್‌ಗಳು ಮತ್ತೆ ಸಿಗುತ್ತಿವೆ. ಹೊಸ ತಟ್ಟೆ ಕೊಳ್ಳುವವರಿಗಿಂತ ಹಳೆಯದನ್ನು ಉಳಿಸಬೇಕಾದ ನಮಗೆ ಇದು ಮುಖ್ಯ. ಒಮ್ಮೆ ಎಲ್ಲ ಸರಿಮಾಡಿ ಚೆನ್ನಾಗಿ ಹಾಡಿಸಿದಾಗ ಕಂಪ್ಯೂಟರಿಗೆ ಇಳಿಸಿಟ್ಟುಕೊಳ್ಳಿ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ಬಿಸಿಲಿಗೆ ದೂರವಿಡಿ.

ಹೊಸ ಮುಳ್ಳು ಬಂತು. ನಾಣ್ಯ ತೆಗೆದೆ, ತಟ್ಟೆ ತೊಳೆದೆ, ತಾತನ ಆಂಪ್ಲಿಫೈಯರನ್ನೇ ಮತ್ತೆ ಇಳಿಸಿದೆ. ಒಂದು ಬೆಳಿಗ್ಗೆ ಸುಪ್ರಭಾತ ಹಾಕಿದೆ. ಅಜ್ಜಿ ಕಾಫಿ ಲೋಟ ಹಿಡಿದುಕೊಂಡೇ ಬಂದು ಕೂತರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಜೊತೆಗೆ ಹಾಡ್ತಿರೋಳು ರಾಧಾ ಅಲ್ವೇನೋ? ಇಷ್ಟು ದಿನ ಎಲ್ಲಿ ಹೋಗಿದ್ದಳು?' ಎಂದರು. ತಟ್ಟೆಯಲ್ಲಿ ಒಂದು ಕಡೆ ಟಿಕ್, ಟಿಕ್ ಎನ್ನುವ ಗೀರು ಇದೆ. ಇದನ್ನು ಮಾತ್ರ ಸರಿಮಾಡಲು ಆಗುವುದಿಲ್ಲ ಅಜ್ಜಿ, ಗೀರು ಬಿದ್ದರೆ ಬಿದ್ದಂತೆಯೇ ಎಂದೆ. 'ಅದು ನಿಮ್ಮ ತಾತ ಕನ್ನಡಕ ಬೀಳಿಸಿ ಮಾಡಿದ್ದು. ಅದಿರಲಿ ಬಿಡು' ಎಂದರು.

ಗುಜರಿಯವನ ಮಾತು ಆಮೇಲೆ ಎತ್ತಲಿಲ್ಲ. ನಾನು ಕೆಡಿಸಿದ ಆ ನಾಟಕದ ತಟ್ಟೆಯನ್ನೂ ಟ್ರಂಕಿನಲ್ಲಿ ಎಲ್ಲಕ್ಕಿಂತ ಮುಂದೆ ಇಟ್ಟಿದ್ದೇನೆ. ಬೇರೊಂದನ್ನು ತೆಗೆಯಲು ಹೋದಾಗಲೆಲ್ಲ ಕೈಗೆ ಮೊದಲು ಅದೇ ಸಿಗಲಿ ಎಂದು.